ಕರಿ ಕಿವಿಯ ತಾಯಿಕುರಿ

ಆ ಕಾರ್ಟೂನ್ ಸಿನಿಮಾದ ಕೊನೆ ತಪ್ಪು. ಇದು ಮೊದಲಿಗೆ ನನ್ನ ಅಭಿಪ್ರಾಯವಾಗಿರಲಿಲ್ಲ, ಅವ್ವನದು. ಸುಮಾರು ಹತ್ತು ವರ್ಷ ನಾನು ಅದರ ವಿರುದ್ಧ ವಾದ ಮಾಡಿದ್ದೇನೆ. ಈಗ ಅವ್ವ ಇಲ್ಲ. ಅವಳ ಕಡೆ ವಾದ ಮಾಡುವವರು ಯಾರೂ ಉಳಿದಿಲ್ಲವೆಂದು ನಾನೇ ಆ ಕಡೆ ಹೋಗಿ ಕೂತಿದ್ದೇನೆ.

ಸಿನಿಮಾ ಒಂದು ಕುರಿಮರಿಯದು. ಬಿರುಗಾಳಿಗೆ ಹಿಂಡಿನಿಂದ ತಪ್ಪಿಸಿಕೊಂಡ ಮರಿ ಹಿಮದ ಗುಡ್ಡ ದಾಟಿ, ಒಂದು ಮುದಿ ಬಾತುಕೋಳಿಯ ಜೊತೆ ಊರೂರು ಅಲೆದು, ಕೊನೆಗೆ ತಾಯಿಯನ್ನು ಸೇರುತ್ತದೆ. ಹಡಗಲಿಯ ಹಾಸ್ಟೆಲಿನಲ್ಲಿ ಒಂಬತ್ತನೇ ತರಗತಿ ಓದುವಾಗ ಒಂದು ಭಾನುವಾರ ವಾರ್ಡನ್ ಮೇಡಂ ಅದನ್ನು ತೋರಿಸಿದರು. ಮಾತೆಲ್ಲ ಇಂಗ್ಲಿಷ್. ನಮಗೆ ಒಂದೂ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಮರಿ ತಾಯಿಯ ಕಡೆ ಓಡುವಾಗ ನಲವತ್ತು ಹುಡುಗಿಯರು ಒಟ್ಟಿಗೆ ಅತ್ತೆವು. ಸುಮ್ಮನಾಗಿಸಲು ಮೇಡಂ ಮಂಡಕ್ಕಿ ಹಂಚಬೇಕಾಯಿತು.

ಹಾಸ್ಟೆಲಿನಲ್ಲಿ ಅವ್ವನ ನೆನಪು ಎಷ್ಟಾಗುತ್ತದೆ ಎಂದು ನಾನು ಯಾವತ್ತೂ ಅವಳಿಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತು ಆಡುವವರಿರಲಿಲ್ಲ. ಈ ಸಿನಿಮಾ ನೋಡಿ ಅವ್ವ ಒಂದು ಹನಿ ಕಣ್ಣೀರು ಹಾಕಿದರೆ ಎಲ್ಲವನ್ನೂ ಹೇಳಿದ ಹಾಗಾಯಿತು ಎಂದುಕೊಂಡೆ. ಬೇಸಿಗೆ ರಜೆಗೆ ಬರುವಾಗ ಮೇಡಂ ಅವರನ್ನು ಕಾಡಿ ಬೇಡಿ ಆ ಸಿ.ಡಿ. ಇಸಕೊಂಡು ಬಂದೆ.

ನಮ್ಮದು ಕುರಿ ಸಾಕುವ ಮನೆ. ಅಪ್ಪ ಕುರಿ ಮೇಯಿಸಲು ಹೋದರೆ ಎಳೆಮರಿಗಳು ಮನೆಯಲ್ಲೇ ಉಳಿಯುತ್ತಿದ್ದವು. ಸಂಜೆ ಹಿಂಡು ಬಂದಾಗ ಪ್ರತಿ ಮರಿಯನ್ನೂ ಅದರದರ ತಾಯಿಗೆ ಬಿಡುವುದು ಅವ್ವನ ಕೆಲಸ. ಐವತ್ತು ಮರಿಯಿದ್ದರೂ ಒಂದೂ ತಪ್ಪುತ್ತಿರಲಿಲ್ಲ. ಹೀಗಾಗಿ ಅವಳು ಸಂಜೆಯೊಳಗೆ ಮನೆಯಲ್ಲಿರಬೇಕಿತ್ತು. ಕೊಟ್ಟೂರಿಗೆ ಸಂತೆಗೆಂದು ಹೋದ ದಿನ ಮಧ್ಯಾಹ್ನ ಅವಳನ್ನು ಹೇಗೋ ಅಲ್ಲೇ ಇದ್ದ ಸೋದರಮಾವನ ಮನೆಗೆ ಎಳೆದೊಯ್ದೆ. ಅಲ್ಲಿ ಟಿ.ವಿ.ಯೂ ಇತ್ತು, ಪ್ಲೇಯರೂ ಇತ್ತು. ಸಂತೆಯ ಚೀಲವನ್ನು ತೊಡೆಯ ಮೇಲಿಂದ ಇಳಿಸದೆಯೇ ಅವ್ವ ನೋಡಲು ಕೂತಳು.

"ಕುರಿ ಹಾಡತಾವೇನು?"

"ಸಿನಿಮಾದಾಗ ಹಾಡತಾವು, ಸುಮ್ಮನ ನೋಡು."

"ನಮ್ಮವು ಹಿಂಗ ಹಾಡಿದ್ರ ನಿಮ್ಮಪ್ಪ ರೇಡಿಯೋ ಯಾಕ ತರತಿದ್ದ."

ಆಮೇಲೆ ಅವಳ ಕಣ್ಣು ಟಿ.ವಿ.ಯಿಂದ ಕದಲಲಿಲ್ಲ. ನನಗೆ ಆಸೆ ಹುಟ್ಟಿತು. ಕೊನೆಯ ದೃಶ್ಯ ಬಂದಾಗ ನಾನು ಟಿ.ವಿ. ಬಿಟ್ಟು ಅವ್ವನ ಮುಖವನ್ನೇ ನೋಡುತ್ತಿದ್ದೆ. ಮರಿ ಓಡಿತು, ತಾಯಿ ಅಪ್ಪಿಕೊಂಡಿತು, ಎಲ್ಲ ಕುರಿಗಳೂ ಹಾಡಿದವು. ಅವ್ವ ಹುಬ್ಬು ಗಂಟಿಕ್ಕಿದಳು.

"ಅದು ಅದರವ್ವ ಅಲ್ಲ."

ಸೋದರಮಾವ ಬಿದ್ದು ಬಿದ್ದು ನಕ್ಕ. "ಅಕ್ಕ, ಅದು ಗೊಂಬಿ ಸಿನಿಮಾ."

"ಗೊಂಬಿ ಆದ್ರ ಏನಾತು, ಕಿವಿ ಇಲ್ಲೇನು? ಮೊದಲ ಅದರವ್ವನ ಎಡಗಿವಿ ಕರೀದಿತ್ತು. ಇದರವು ಎರಡೂ ಬಿಳಿ. ಮತ್ತ ಇದು ಮರೀನ ಮೂಸಲೇ ಇಲ್ಲ. ಮೂಸಿ ನೋಡದ ಯಾವ ತಾಯಿ ಹಾಲು ಕೊಡತೈತಿ?"

"ಹಂಗಾರ ಇದು ಯಾರು?" ನಾನು ಸಿಟ್ಟಿನಿಂದ ಕೇಳಿದೆ.

ಅವ್ವ ದನಿ ತಗ್ಗಿಸಿದಳು, ಆ ಮರಿ ಕೇಳಿಸಿಕೊಂಡೀತು ಎನ್ನುವಂತೆ. "ತಾಯಿ ಸತ್ತೈತಿ, ಪಾಪ. ಬ್ಯಾರೆ ಕುರಿಗೆ ಕೂಡಿಸ್ಯಾರ. ಮರಿಗೆ ಹೇಳಿಲ್ಲ."

ನಮ್ಮಲ್ಲಿ ಹಾಗೆ ಮಾಡುತ್ತಾರೆ. ತಾಯಿ ಸತ್ತ ಮರಿಯ ಬೆನ್ನಿಗೆ, ಬಾಲಕ್ಕೆ ಇನ್ನೊಂದು ಕುರಿಯ ಹಾಲನ್ನೇ ಹಚ್ಚಿ ಅದರ ಮುಂದೆ ಬಿಡುತ್ತಾರೆ. ತನ್ನದೇ ವಾಸನೆ ಬಂದರೆ ಕುರಿ ಒಪ್ಪಿಕೊಳ್ಳುತ್ತದೆ. ಸಿನಿಮಾದವರು ಹಾಲು ಹಚ್ಚುವುದನ್ನು ತೋರಿಸಿಲ್ಲ ಎನ್ನುವುದು ಅವ್ವನ ಎರಡನೆಯ ತಕರಾರು. ಮೊದಲಿನಿಂದ ಹಾಕಿ ಕಿವಿ ತೋರಿಸು ಎಂದು ತಮ್ಮನಿಗೆ ಹೇಳಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಬಸ್ಸಿನಲ್ಲಿ ನಾನು ಮುಖ ತಿರುಗಿಸಿ ಕೂತಿದ್ದೆ.

"ಸಿಟ್ಟ್ಯಾಕ?"

"ಹಾಸ್ಟೆಲ್‌ನಾಗ ಎಲ್ಲಾರೂ ಅತ್ರು. ನೀ ಅಳಲಿಲ್ಲ."

"ನೀನೂ ಅತ್ತೇನು?"

ಅವ್ವ ತುಂಬಿದ ಬಸ್ಸಿನಲ್ಲಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿ ಮೂಸಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಹಾಸ್ಟೆಲ್ ಸೋಪಿನ ನಾತ. ಆದ್ರೂ ನಂದ ಐತಿ," ಅಂದಳು.

ಆಮೇಲೆ ನಾನು ಮದುವೆಯಾಗಿ ಹರಪನಹಳ್ಳಿಗೆ ಬಂದೆ. ಮನೆಗೆ ಪ್ಲೇಯರ್ ಬಂದ ಮೇಲೂ ಆ ಸಿನಿಮಾದ ಸಿ.ಡಿ.ಯನ್ನು ನಾನು ಹುಡುಕಲಿಲ್ಲ. ಸೋಲುವ ಭಯ. ತವರಿಗೆ ಹೋದಾಗಲೆಲ್ಲ ಅವ್ವ "ಕಿವಿ ನೋಡಿದೇನು?" ಎಂದು ಕೇಳುವಳು. "ನಿನ್ನ ಕಣ್ಣಿಗೆ ಪೊರಿ ಬಂದೈತಿ" ಎಂದು ನಾನು ಹೇಳುವೆ. ಅಷ್ಟರಲ್ಲಿ ನಿಜವಾಗಿಯೂ ಪೊರೆ ಬಂದಿತ್ತು. ಆದರೂ ಮರಿ ಬಿಡುವುದರಲ್ಲಿ ತಪ್ಪುತ್ತಿರಲಿಲ್ಲ.

ಅವ್ವ ತೀರಿಕೊಂಡ ಎರಡು ತಿಂಗಳಿಗೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಅದೇ ಸಿನಿಮಾದ ಸಿ.ಡಿ. ಕಂಡಿತು. ಕೊಂಡು ಮನೆಗೆ ತಂದೆ. ನಾಲ್ಕು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಮೊದಲ ದೃಶ್ಯದಲ್ಲಿ ತಾಯಿಯ ಎಡಗಿವಿ ಕರಿಯದು, ಬೊಟ್ಟಿಟ್ಟ ಹಾಗೆ ಸ್ಪಷ್ಟ. ಕೊನೆಯಲ್ಲಿ ಎರಡೂ ಬಿಳಿ. ಚಿತ್ರ ಬರೆಯುವವರು ಮರೆತಿದ್ದಾರೆ ಎಂದು ನನ್ನ ಗಂಡ ಹೇಳಿದರು. ಇರಬಹುದು. ಜಗತ್ತಿನಲ್ಲಿ ಎಷ್ಟೋ ಜನ ಅತ್ತು ಎದ್ದು ಹೋದ ಸಿನಿಮಾದಲ್ಲಿ ಅದನ್ನು ಕಂಡವಳು ಸಂತೆಯ ಚೀಲ ಹಿಡಿದು ಕೂತಿದ್ದ ನನ್ನವ್ವ. "ಹೌದಬೇ, ಕರೀದ ಐತಿ" ಎಂದು ಹೇಳಲು ನಾನು ತಡ ಮಾಡಿದೆ.

ಮಗಳು ನನ್ನ ಸೆರಗು ಎಳೆದಳು. "ಮರಿಗೆ ಅದರವ್ವ ಸಿಕ್ಳೇನಬೇ?"

"ಸಿಕ್ಳು," ಅಂದೆ. ಆ ತಾಯಿ ಬೇರೆ ಎಂದು ಸಿನಿಮಾದವರ ಹಾಗೆ ನಾನೂ ಹೇಳಲಿಲ್ಲ. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ನೆತ್ತಿ ಮೂಸಿದೆ. ಕೊಬ್ಬರಿ ಎಣ್ಣೆ, ಮಣ್ಣು, ಯಾವಾಗಲೋ ತಿಂದ ಬೆಲ್ಲ. ಅವಳು ಕಚಗುಳಿಗೆ ಒದ್ದಾಡಿದಳು.

"ಏನ್ ಮಾಡಾಕತ್ತಿಯಬೇ?"

"ನನ್ನದ ಹೌದೋ ಅಲ್ಲೋ ನೋಡಾಕತ್ತೀನಿ."

ಅವಳು ಒದ್ದಾಟ ನಿಲ್ಲಿಸಿ, ತಲೆಯನ್ನು ಇನ್ನಷ್ಟು ಹತ್ತಿರ ಚಾಚಿದಳು.

"ಹೌದೇನು?"