ಕಾಯಿಯ ಕೆಳಗೆ ನಿಲ್ಲುವ ಆಟ

ನಮ್ಮಪ್ಪನ ಕಾಲು ಮುರಿದದ್ದು ತೆಂಗಿನಕಾಯಿ ಮೈಮೇಲೆ ಬಿದ್ದು ಅಲ್ಲ, ಅದರಿಂದ ತಪ್ಪಿಸಿಕೊಳ್ಳಲು ಹೋಗಿ. ತೋಟದಲ್ಲಿ ಕಾಯಿ ಕೆಡವಿಸುತ್ತಿದ್ದಾಗ ತಲೆಯ ಮೇಲೆ ಸರಕ್ಕನೆ ಸದ್ದಾಯಿತು. ಅಪ್ಪ ಮೇಲೆ ನೋಡುವ ಗೋಜಿಗೂ ಹೋಗದೆ ಪಕ್ಕಕ್ಕೆ ಹಾರಿದ. ಹಾರಿದ ಕಡೆ ನೀರು ಹಾಯಿಸುವ ಕಾಲುವೆ ಇತ್ತು. ಕಾಯಿ ಬಿದ್ದದ್ದು ಅಲ್ಲಿಂದ ಒಂದು ಮಾರು ಆಚೆ. ನೋಡಲು ಬಂದವರೆಲ್ಲ ಮೊದಲು ಅಯ್ಯೋ ಅಂದು, ಪೂರ್ತಿ ಕತೆ ಕೇಳಿದ ಮೇಲೆ ಸೆರಗಿನಲ್ಲೋ ಟವಲಿನಲ್ಲೋ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಪ್ಪನಿಗೆ ಮುರಿದ ಕಾಲಿಗಿಂತ ಆ ನಗುವೇ ಹೆಚ್ಚು ನೋವು.

ತಿಪಟೂರಿನ ಡಾಕ್ಟರು ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಅಪ್ಪನ ಮುಖ ನೋಡಿ ಇವನು ಮಾತು ಕೇಳುವ ಆಸಾಮಿಯಲ್ಲ ಅನ್ನಿಸಿತೋ ಏನೋ, ನನ್ನ ಕಡೆ ತಿರುಗಿ, "ನೋಡಮ್ಮ, ನಾನು ಹೇಳೋವರೆಗೂ ಈ ಕಾಲು ನೆಲ ಮುಟ್ಟಬಾರದು. ಊರಿದರೆ ಮೂಳೆ ಸೊಟ್ಟ ಕೂಡ್ಕೊಳ್ಳುತ್ತೆ. ಆಮೇಲೆ ಜೀವಮಾನ ಪೂರ್ತಿ ಕುಂಟೋದೇ" ಅಂದರು.

ಹೇಳುವುದು ಸುಲಭ. ನಮ್ಮಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಬೆಳಿಗ್ಗೆ ತೋಟ, ಮಧ್ಯಾಹ್ನ ರಾಗಿ ಹೊಲ, ಸಂಜೆ ಕಿಬ್ಬನಹಳ್ಳಿಯ ಹೋಟೆಲಿನಲ್ಲಿ ಟೀ ಕುಡಿಯುತ್ತ ಹೋಗಿ ಬರುವ ಬಸ್ಸುಗಳನ್ನೆಲ್ಲ ವಿಚಾರಿಸಿಕೊಂಡು ಮನೆಗೆ. ಅಂಥವನನ್ನು ನಡುಮನೆಯ ಮಂಚಕ್ಕೆ ಹಾಕಿದ್ದೆವು. ಪಂಪ್‌ಸೆಟ್ಟಿನ ಸದ್ದು ನಿಂತರೆ ಏಳಲು ಹೋಗುತ್ತಿದ್ದ, ಎಮ್ಮೆ ಕೂಗಿದರೆ ಏಳಲು ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಹಾಲು ಕರೆದುಕೊಂಡು ಬರುವಷ್ಟರಲ್ಲಿ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತುಬಿಟ್ಟಿದ್ದ. ಅವ್ವ ತಂಬಿಗೆ ಕೆಳಗಿಟ್ಟು ಅತ್ತಳು. "ಕುಂಟ್ಕೊಂಡು ತೋಟ ಸುತ್ತೋ ಆಸೆನೇನ್ರೀ ನಿಮ್ಗೆ?" ಕಾಲೇಜಿಗೆ ರಜೆ ಇದ್ದದ್ದರಿಂದ ಅಪ್ಪನನ್ನು ಮಂಚದ ಮೇಲೆ ಉಳಿಸಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ನಾನೂ ಅವನ ಮಗಳೇ. ಒಂದು ಕಡೆ ಕೂತರೆ ಮೈಮೇಲೆ ಇರುವೆ ಹರಿದಂತಾಗುವ ಪೈಕಿ.

ಆಗ ನನ್ನ ಹತ್ತಿರ ಒಂದು ವಿಡಿಯೋ ಗೇಮ್ ಇತ್ತು. ಎಂಬತ್ತರ ದಶಕದ ನಡುವಿನ ಮಾತು, ನಮ್ಮೂರಲ್ಲಿ ಟಿವಿ ಇದ್ದದ್ದೇ ಒಂದೆರಡು ಮನೆಯಲ್ಲಿ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಸಿಂಗಪುರದಿಂದ ತಂದುಕೊಟ್ಟದ್ದು. ಸೋಪಿನ ಡಬ್ಬಿಯಷ್ಟು ದೊಡ್ಡದು, ನಡುವೆ ಬೂದು ಬಣ್ಣದ ಗಾಜು, ಎಡಕ್ಕೊಂದು ಬಲಕ್ಕೊಂದು ಗುಂಡಿ. ಗಾಜಿನೊಳಗೆ ಮೇಲೆ ಸಾಲಾಗಿ ಮರಗಳು, ಕೆಳಗೆ ಬುಟ್ಟಿ ಹಿಡಿದ ಒಬ್ಬ ಕಡ್ಡಿಯಂಥ ಕಪ್ಪು ಮನುಷ್ಯ. ಮರದಿಂದ ಹಣ್ಣು ಬೀಳುತ್ತದೆ, ಗುಂಡಿ ಒತ್ತಿ ಅವನನ್ನು ಅದರ ಕೆಳಕ್ಕೆ ಓಡಿಸಿ ಬುಟ್ಟಿಯಲ್ಲಿ ಹಿಡಿಯಬೇಕು. ಮೂರು ಹಣ್ಣು ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಹಿಡಿದ ಹಣ್ಣಿನ ಲೆಕ್ಕ ಗಾಜಿನ ಮೂಲೆಯಲ್ಲಿ ಬರುತ್ತದೆ, ಅದುವರೆಗಿನ ದೊಡ್ಡ ಲೆಕ್ಕ ಅಲ್ಲೇ ಉಳಿಯುತ್ತದೆ. ಹಣ್ಣು ಬಿದ್ದಾಗಲೆಲ್ಲ ಪೀಂ ಅನ್ನುತ್ತಿದ್ದರಿಂದ ಮನೆಯಲ್ಲಿ ಅದಕ್ಕೆ ಪೀಂಪೀಂ ಡಬ್ಬಿ ಅಂತಲೇ ಹೆಸರು.

ನನಗೆ ಅದು ಬರುತ್ತಲೇ ಇರಲಿಲ್ಲ. ಹಾಸ್ಟೆಲಿನಲ್ಲಿದ್ದ ಚಿತ್ರದುರ್ಗದ ಕಡೆಯ ಗೆಳತಿ ಮೊದಲ ಸಲ ಕೈಗೆ ತಗೊಂಡವಳೇ ಹರಟೆ ಹೊಡೆಯುತ್ತ ಮುನ್ನೂರು ಹಣ್ಣು ಹಿಡಿದಿದ್ದಳು. ನಾನು ಇಪ್ಪತ್ತು ದಾಟಿದರೆ ಹೆಚ್ಚು. ಹಣ್ಣು ಉದುರಿದ ತಕ್ಷಣ ನನ್ನ ಹೆಬ್ಬೆರಳು ಅದಾಗಿಯೇ ಆ ಮನುಷ್ಯನನ್ನು ಇನ್ನೊಂದು ಮೂಲೆಗೆ ಓಡಿಸಿಬಿಡುತ್ತಿತ್ತು. ಅದು ಯಾಕೆ ಅಂತ ತಿಳಿಯದೆ ಸಿಟ್ಟಿಗೆದ್ದು ಡಬ್ಬಿಯನ್ನು ಎಷ್ಟೋ ಸಲ ಹಾಸಿಗೆಯ ಮೇಲೆ ಎಸೆದಿದ್ದೇನೆ. ನೆಲಕ್ಕೆ ಎಸೆಯುವಷ್ಟು ಧೈರ್ಯ ಇರಲಿಲ್ಲ.

ಅವ್ವ ಅತ್ತ ಆ ದಿನವೇ ಡಬ್ಬಿಯನ್ನು ತಂದು ಅಪ್ಪನ ಕೈಗಿಟ್ಟೆ. ಅಪ್ಪ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಯಿತೇ ಅಂತ ನೋಡುವುದು ಹಾಗೆಯೇ, ಒಣಗಿದ್ದರೆ ಒಳಗೆ ಗುಂಡು ಆಡುವ ಸದ್ದು ಬರುತ್ತದೆ. "ಇನ್ನೂ ಹಸಿ ಐತೆ" ಅಂದ. ಆಮೇಲೆ ಕನ್ನಡಕ ಹಾಕಿಕೊಂಡು ಶುರು ಮಾಡಿದ. ಮೂರೂ ಹಣ್ಣು ನೆಲಕ್ಕೆ. ಮತ್ತೆ ಮೂರು ನೆಲಕ್ಕೆ. ಅಪ್ಪನ ಹೆಬ್ಬೆರಳೂ ನನ್ನ ಹೆಬ್ಬೆರಳಿನ ಹಾಗೆಯೇ ಓಡುತ್ತಿತ್ತು.

"ಕೆಳಗೆ ಹೋಗಿ ನಿಲ್ಲಬೇಕು ಅಪ್ಪಾ, ದೂರ ಓಡಬಾರದು" ಅಂದೆ.

"ಬೀಳೋ ಕಾಯಿ ಕೆಳಗೆ ಹೋಗಿ ನಿಲ್ಲೋನು ಯಾವೂರೋನವ್ವ? ತಲೆ ನೆಟ್ಟಗಿರೋರು ಮಾಡಿರೋ ಆಟ ಅಲ್ಲ ಇದು."

ಆಗ ನನಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಮಕ್ಕಳು ನಡೆಯಲು ಕಲಿಯುವಾಗಲೇ ಇದನ್ನೂ ಕಲಿಯುತ್ತಾರೆ. ಮೇಲೆ ಸದ್ದಾದರೆ ನೋಡುತ್ತ ನಿಲ್ಲಬೇಡ, ಮೊದಲು ಓಡು, ಆಮೇಲೆ ನೋಡು. ಅದು ಬುದ್ಧಿಯಲ್ಲ, ಮೈಗೆ ಹತ್ತಿದ್ದು. ಗೆಳತಿಯ ಊರಲ್ಲಿ ಮೇಲಿಂದ ಬೀಳುವುದು ಬಿಸಿಲು ಮಾತ್ರ, ಅವಳಿಗೇನು ಕಷ್ಟ.

ಸಿಟ್ಟು ಅಪ್ಪನನ್ನು ಮಂಚಕ್ಕೆ ಕಟ್ಟಿಹಾಕಿತು. ತನ್ನನ್ನು ಸೋಲಿಸಿದ್ದನ್ನು ಸೋಲಿಸದೆ ಬಿಡುವ ಪೈಕಿಯಲ್ಲ ಅವನು. ಮೊದಲ ಹಣ್ಣು ತಪ್ಪಿದಾಗಲೆಲ್ಲ "ಇನ್ನೂ ಎರಡು ಐತೆ ಬುಡು" ಅಂತ ತನಗೆ ತಾನೇ ಹೇಳಿಕೊಳ್ಳುವನು. ಎರಡನೆಯದೂ ತಪ್ಪಿದರೆ ಮಾತಿಲ್ಲ. ಮೂರನೆಯದಕ್ಕೆ ಆ ಡಬ್ಬಿ ಮಾಡಿದವನ ವಂಶವನ್ನೆಲ್ಲ ಜಾಲಾಡುವನು. ಗುಂಡಿ ಕಚ್ಚಿಕೊಳ್ಳುತ್ತೆ ಅನ್ನುವನು, ಬಿಸಿಲು ಹೊಡೆದು ಗಾಜು ಕಾಣಲ್ಲ ಅನ್ನುವನು. ಮಂಚವನ್ನು ಕಿಟಕಿಯ ಈ ಕಡೆಗೆ ಎಳೆಸಿದ, ಆಮೇಲೆ ಆ ಕಡೆಗೆ. ಅವ್ವ ಒಲೆಯ ಮುಂದಿನಿಂದಲೇ, "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಅಂದಳು. ಆದರೆ ಗುಂಡಿ ನಿಜವಾಗಿಯೂ ಕಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡ ಕೈಯಲ್ಲೇ ಆಡಿದರೆ ಇನ್ನೇನಾಗುತ್ತದೆ? ಎಡಗಡೆಯ ಗುಂಡಿ ಒಳಗೆ ಹೋದದ್ದು ಹೊರಗೆ ಬರಲು ಯೋಚನೆ ಮಾಡುತ್ತಿತ್ತು, ಅಷ್ಟರಲ್ಲಿ ಹಣ್ಣು ನೆಲದಲ್ಲಿ. ನಾನು ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ ಒರೆಸಿ ಗುಂಡಿಯ ಮೇಲಿನ ಬಾಣದ ಗುರುತೇ ಅಳಿಸಿಹೋಯಿತು.

ಬಂದವರ ಕಾಟ ಬೇರೆ. ಆಟ ಹದಕ್ಕೆ ಬಂದಿದೆ, ಹಣ್ಣು ದಬದಬ ಬೀಳುತ್ತಿವೆ, ಆಗಲೇ ಬಾಗಿಲಲ್ಲಿ ದಂಡಿನಶಿವರದ ಬೀಗರು. ಆ ಡಬ್ಬಿಗೆ ನಡುವೆ ನಿಲ್ಲಿಸುವ ಉಪಾಯವೇ ಇರಲಿಲ್ಲ. ತಲೆ ಎತ್ತಿದರೆ ಆಟ ಹೋಯಿತು, ಎತ್ತದಿದ್ದರೆ ಮರ್ಯಾದೆ ಹೋಯಿತು. ಅಪ್ಪ ತಲೆ ಎತ್ತದೆಯೇ "ಬನ್ನಿ ಬನ್ನಿ, ಕೂತ್ಕಳಿ, ಚೆನ್ನಾಗವ್ರಾ ಎಲ್ಲಾ" ಅನ್ನುವನು. ಅವರು ಬೇಸರ ಮಾಡಿಕೊಳ್ಳದೆ ಬೆನ್ನ ಹಿಂದೆ ಬಂದು ನಿಂತು, "ಎಡಕ್ಕೆ ಕಣ್ರೀ! ಅಯ್ಯೋ, ಬಲಕ್ಕೆ!" ಅಂತ ಕೂಗಲು ಶುರು ಮಾಡುತ್ತಿದ್ದರು. ಅದು ಇನ್ನೂ ಕಷ್ಟ. ಅವರ ಮಾತು ಕೇಳಿ ಸೋತರೆ ಬೈಯುವ ಹಾಗೂ ಇಲ್ಲ.

ಸಂಜೆ ಕರೆಂಟು ಹೋಗುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ನಡೆಯುವ ವಸ್ತು ಮನೆಯಲ್ಲಿ ಅದೊಂದೇ, ಒಳಗೆ ಬ್ಯಾಟರಿ ಇತ್ತಲ್ಲ. ಆದರೆ ಗಾಜಿನಲ್ಲಿ ಬೆಳಕಿಲ್ಲ. ಆಟ ನಡೆಯುತ್ತಲೇ ಇದೆ, ಪೀಂ ಪೀಂ ಕೇಳುತ್ತಲೇ ಇದೆ, ಏನೂ ಕಾಣದು. ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಕೂರಬೇಕು. ಕೈ ಸ್ವಲ್ಪ ಸರಿದರೆ ಗಾಜಿನ ಮೇಲೆ ಟಾರ್ಚಿನ ಹೊಳಪು, ಅಪ್ಪನ ಬೈಗುಳ. ಕೂತು ಕೂತು ನನ್ನ ಕಾಲು ಜೋಮು ಹಿಡಿಯುತ್ತಿತ್ತು. ನನ್ನ ಆಟವನ್ನು ಕಿತ್ತುಕೊಂಡದ್ದಲ್ಲದೆ ನನ್ನನ್ನೇ ದೀಪದ ಕಂಬ ಮಾಡಿಕೊಂಡಿದ್ದಾನಲ್ಲ ಅಂತ ಒಳಗೊಳಗೇ ಕುದಿಯುತ್ತಿದ್ದೆ. "ಒಂದ್ಸಲ ಕೊಡಪ್ಪಾ" ಅಂದರೆ, "ಇದೊಂದು ಮುಗೀಲಿ ಇರವ್ವ" ಅನ್ನುವನು. ಅದೊಂದು ಯಾವತ್ತೂ ಮುಗಿಯಲಿಲ್ಲ.

ನಡುವೆ ಬ್ಯಾಟರಿ ಸತ್ತಿತು. ಗುಂಡನೆಯ ಆ ಸಣ್ಣ ಬ್ಯಾಟರಿ ತಿಪಟೂರಿನಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಒಬ್ಬ ವಾಚ್ ರಿಪೇರಿಯವನು ತೆಳ್ಳನೆಯ ಎರಡನ್ನು ಕೊಟ್ಟು, ಸಂದಿಗೆ ಸಿಗರೇಟ್ ಪ್ಯಾಕಿನ ಬೇಗಡೆ ಮಡಿಚಿ ತುರುಕು ಅಂದ. ನಾನು ಬಸ್ಸಿನಲ್ಲಿ ಹೋಗಿ ಬರುವ ಅಷ್ಟು ಹೊತ್ತಿನಲ್ಲಿ ಅಪ್ಪ ಮಂಚದ ಅಂಚಿಗೆ ಬಂದು ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಪ್ಲಾಸ್ಟರಿನ ಹಿಮ್ಮಡಿ ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಓಡಿಹೋಗಿ ಕಾಲನ್ನು ಎತ್ತಿ ಮೇಲಿಟ್ಟು, ಡಬ್ಬಿಗೆ ಜೀವ ಕೊಟ್ಟು, ಕೈಗಿಟ್ಟೆ. ಅಪ್ಪ ಗಾಜನ್ನು ನೋಡಿದ, ನನ್ನನ್ನು ನೋಡಿದ. ಬ್ಯಾಟರಿ ತೆಗೆದದ್ದಕ್ಕೆ ಅವನು ಬೆವರು ಹರಿಸಿ ಗಳಿಸಿದ ದೊಡ್ಡ ಲೆಕ್ಕ ಅಳಿಸಿಹೋಗಿ ಅಲ್ಲಿ ಸೊನ್ನೆ ಕೂತಿತ್ತು. ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಆಡಿದ, ಮಲಗಿದಲ್ಲಿಯೇ ಆಡಿದ. ನನಗೆ ಅಷ್ಟು ಸಾಕಿತ್ತು.

ಒಂದು ಮಧ್ಯಾಹ್ನ ಅಪ್ಪನಿಗೆ ದಾರಿ ಸಿಕ್ಕಿತು. ಊಟ ಬಡಿಸುತ್ತಿದ್ದ ಅವ್ವ ಸೌಟು ಎತ್ತಿದಾಗ ಅಪ್ಪ ತಟ್ಟೆಯನ್ನು ಮುಂದೆ ಹಿಡಿದ. ಹಾಗೇ ನಿಲ್ಲಿಸಿ ತಟ್ಟೆಯನ್ನೇ ನೋಡಿದ. ಕೈ ತೊಳೆದವನೇ ಡಬ್ಬಿ ತಗೊಂಡು ಇನ್ನೂರು ದಾಟಿಸಿದ. "ಬೀಳ್ತಿರೋದು ಕಾಯಿ ಅನ್ಕಬ್ಯಾಡ, ಅನ್ನ ಅನ್ಕೊ. ಹಸ್ದೋನು ತಟ್ಟೆ ಹಿಡ್ದಂಗೆ ಹಿಡಿಬೇಕು ಕಣವ್ವ" ಅಂತ ನನಗೂ ಹೇಳಿಕೊಟ್ಟ. ಅವತ್ತಿನಿಂದ ಸೋಲು ಕಡಿಮೆಯಾಯಿತು. ನನಗೂ ಅಷ್ಟಿಷ್ಟು ಬಂತು. ಪ್ಲಾಸ್ಟರ್ ಬಿಚ್ಚುವ ಹಿಂದಿನ ದಿನವಂತೂ ಉಸಿರು ಬಿಗಿಹಿಡಿದು ಒಂಬೈನೂರ ತೊಂಬತ್ತೊಂಬತ್ತಕ್ಕೆ ಹೋದ. ಇನ್ನೊಂದು ಹಣ್ಣು ಬುಟ್ಟಿಗೆ ಬಿತ್ತು. ಲೆಕ್ಕ ತಿರುಗಿ ಸೊನ್ನೆಯಾಯಿತು. ಡಬ್ಬಿಗೆ ಗೊತ್ತಿದ್ದದ್ದು ಮೂರು ಮನೆಯ ಅಂಕಿ ಮಾತ್ರ, ಅದಕ್ಕಿಂತ ಮುಂದೆ ಗೊತ್ತಿಲ್ಲ. ಅದು ಭೇಷ್ ಅನ್ನಲಿಲ್ಲ, ಒಂದು ಸದ್ದೂ ಮಾಡಲಿಲ್ಲ. ಅಪ್ಪ ಬೈಯಲೂ ಇಲ್ಲ. "ಇಷ್ಟೇನಾ?" ಅಂದ, ಅಷ್ಟೆ.

ಮಾರನೆಯ ದಿನ ಡಾಕ್ಟರು ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿ, "ನೇರವಾಗೇ ಕೂಡಿದೆ. ಏನಮ್ಮ, ಹಗ್ಗ ಹಾಕಿ ಕಟ್ಟಿದ್ಯಾ?" ಅಂದರು. ಅವ್ವ ಅಲ್ಲಿಯೇ ಕಣ್ಣೊರೆಸಿಕೊಂಡಳು. ಇನ್ನು ಕೆಲವು ದಿನ ಕೋಲು ಊರಿ ನಡೆಯಬೇಕು, ಅಷ್ಟೇ. ಗೆದ್ದೆ ಅಂದುಕೊಂಡೆ.

ಅದಾದ ಮೇಲೆ ಬಂದ ಮೊದಲ ಕೊಯ್ಲಿಗೆ ಅಪ್ಪ ತೋಟಕ್ಕೆ ಹೊರಟೇಬಿಟ್ಟ. ಒಂದು ಕೈಯಲ್ಲಿ ಕೋಲು, ಹೆಗಲ ಮೇಲೆ ಟವಲು, ಜೇಬಿನಲ್ಲಿ ನನ್ನ ಡಬ್ಬಿ. ನಾನು ಹಿಂದೆಯೇ ಹೋದೆ. ಕಾಯಿ ಕೆಡವುವವನು ಮರದ ತುದಿಯಿಂದ "ಕಾಯೀ" ಅಂತ ಕೂಗಿದ. ಎಲ್ಲರೂ ಹಿಂದೆ ಸರಿದೆವು, ಅಪ್ಪನೂ ಸರಿದ. ಗೊನೆ ಬಿತ್ತು. ಆದರೆ ಅದರಿಂದ ಕಳಚಿದ ಒಂದು ಕಾಯಿ ಪಕ್ಕದ ಮರದ ಗರಿಗೆ ಬಡಿದು, ದಿಕ್ಕು ಬದಲಿಸಿ ಅಪ್ಪನ ಕಡೆಗೇ ಬಂತು.

ನನಗೆ ತಿಳಿದಂತೆ ಜೀವಮಾನದಲ್ಲಿ ಮೊದಲ ಸಲ ಅಪ್ಪ ಓಡಲಿಲ್ಲ. ತಲೆ ಎತ್ತಿ ನೋಡಿದ. ಕೋಲು ಬಿಟ್ಟ. ಒಂದು ಹೆಜ್ಜೆ ಮುಂದಿಟ್ಟು, ಕಾಯಿಯ ನೇರಕ್ಕೆ ಬಂದು, ಟವಲಿನ ಎರಡು ತುದಿಯನ್ನೂ ಕೈಯಲ್ಲಿ ಹಿಡಿದು ಚಾಚಿದ.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಅವನ ಅಂಗಿಯನ್ನು ಬಾಚಿ ಹಿಡಿದು ಎಳೆದೆ. ಇಬ್ಬರೂ ಒಣಗರಿಯ ಗುಡ್ಡೆಯ ಮೇಲೆ ಬಿದ್ದೆವು. ಕಾಯಿ ಅಪ್ಪ ನಿಂತಿದ್ದ ಜಾಗದಲ್ಲಿ ದೊಪ್ಪನೆ ಬಿದ್ದು ಅರ್ಧ ಮಣ್ಣಿಗೆ ಇಳಿಯಿತು. ಮೇಲಿದ್ದವನು "ಯಜಮಾನ್ರೇ, ಏನಾಯ್ತು?" ಅಂತ ಅರಚುತ್ತಿದ್ದ. ನಾನು ಮೊದಲು ಅಪ್ಪನ ಕಾಲು ಮುಟ್ಟಿ ನೋಡಿದೆ. ನೇರವಾಗಿಯೇ ಇತ್ತು. ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. "ಯಾಕೆ ನಿಂತೆ? ತಲೆ ಕೆಟ್ಟಿದೆಯಾ ನಿಂಗೆ? ಯಾಕಪ್ಪಾ ನಿಂತೆ?"

ಅಪ್ಪನ ಮುಷ್ಟಿಯಲ್ಲಿ ಟವಲು ಇನ್ನೂ ಹಾಗೇ ಇತ್ತು. ಅದನ್ನು ಯಾರದೋ ಅನ್ನುವಂತೆ ನೋಡಿದ. ಆಮೇಲೆ ನನ್ನನ್ನು ನೋಡಿದ, ಅವನಿಗೂ ಸಿಟ್ಟು ಬಂತು.

"ನೀನ್ಯಾಕವ್ವ ಕಾಯಿ ಕೆಳಕ್ಕೆ ಓಡ್ಬಂದೆ? ಸದ್ದು ಕೇಳುದ್ರೆ ದೂರ ಓಡು ಅಂತ ಹುಟ್ದಾಗಿಂದ ಹೇಳ್ಕೊಟ್ಟಿಲ್ವಾ ನಿಂಗೆ?"

ಅಳು ಬಂತು, ಅತ್ತೆ. ಅಪ್ಪ ಮಣ್ಣಿನಲ್ಲಿ ಹೂತ ಆ ಕಾಯಿಯ ಕಡೆ ಗಲ್ಲ ಎತ್ತಿ ತೋರಿಸಿ, ಸಮಾಧಾನ ಮಾಡುವ ದನಿಯಲ್ಲಿ, "ಇನ್ನೂ ಎರಡು ಐತೆ ಬುಡು" ಅಂದ.

ನನಗೆ ನಗು ಬರಲಿಲ್ಲ. ಅವನ ಜೇಬಿನಿಂದ ಡಬ್ಬಿಯನ್ನು ಕಿತ್ತುಕೊಂಡೆ.

"ಇಲ್ಲಿ ಒಂದೇ ಅಪ್ಪಾ ಇರೋದು."

ಅಪ್ಪ ಎಬ್ಬಿಸು ಅನ್ನುವಂತೆ ಕೈ ಚಾಚಿದ. ಎಬ್ಬಿಸಿದೆ. ಕೋಲನ್ನು ಅಲ್ಲಿಯೇ ಬಿಟ್ಟು, ನನ್ನ ಭುಜ ಹಿಡಿದುಕೊಂಡು, ಮೇಲೆ ನೋಡುತ್ತ ನೋಡುತ್ತ ಮರಗಳ ಕೆಳಗಿನಿಂದ ಆಚೆಗೆ ನಡೆದ.