ಅತ್ತೆ ಹೋದ ಮೇಲೆ ಹತ್ತನೇ ಇಯತ್ತೆ

ನಮ್ಮ ಅತ್ತೆ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಬೆಳಿಗ್ಗೆ ಮೈ ಒರೆಸಿ, ಗಂಜಿ ಕುಡಿಸಿ, ಪಾತ್ರೆ ತೊಳೆಯಲು ಒಳಗೆ ಹೋಗಿದ್ದೆ. ಕೈ ಒರೆಸಿಕೊಂಡು ಬಂದು ನೋಡಿದರೆ ಉಸಿರು ನಿಂತಿತ್ತು. ಸ್ವಲ್ಪ ಹೊತ್ತಿನಲ್ಲೇ ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆ ತುಂಬಿಹೋಯಿತು. ಕೆಳಗಿನ ಮನೆಯವರು ನನ್ನ ಬೆನ್ನು ಸವರಿ, ಅತ್ತುಬಿಡಿ, ಒಳಗೇ ಇಟ್ಟುಕೊಳ್ಳಬೇಡಿ ಎಂದರು. ಒಳಗೆ ಏನೂ ಇರಲಿಲ್ಲ. ಗೀಸರ್ ಆರಿಸಿದ್ದೇನೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ.

ನಮ್ಮದು ಗದಗ ಕಡೆ. ಒಂಬತ್ತನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ನಮ್ಮ ಕಡೆ ತರಗತಿಗೆ ಇಯತ್ತೆ ಎನ್ನುತ್ತಾರೆ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಷಿನ್ ಆಪರೇಟರ್ ಆಗಿದ್ದರಿಂದ ನಾವು ಇಲ್ಲಿಗೆ ಬಂದೆವು, ಮಗಳು ಇಲ್ಲೇ ಹುಟ್ಟಿದಳು. ಅತ್ತೆಗೆ ಲಕ್ವಾ ಹೊಡೆದಾಗ ಹುಬ್ಬಳ್ಳಿಯಲ್ಲಿದ್ದ ಭಾವ, ಅಂದರೆ ಗಂಡನ ಅಣ್ಣ, ದೊಡ್ಡ ಆಸ್ಪತ್ರೆಗಳು ಬೆಂಗಳೂರಿನಲ್ಲೇ ಇರುವುದು ಎಂದು ಹೇಳಿ ಅವರನ್ನು ನಮ್ಮ ಮನೆಗೆ ತಂದುಬಿಟ್ಟರು. ಹಾಲ್‌ನಲ್ಲಿ ಮಂಚ ಹಾಕಿದೆವು. ಎಂಟು ವರ್ಷ ಆ ಮಂಚ ಅಲ್ಲಿಂದ ಅಲುಗಲಿಲ್ಲ, ನಾನೂ ಹೆಚ್ಚುಕಡಿಮೆ ಅಲುಗಲಿಲ್ಲ.

ಅತ್ತೆ ಕೆಟ್ಟವರಾಗಿರಲಿಲ್ಲ. ನನ್ನ ಮೇಲೆ ಪ್ರೀತಿ ಇತ್ತೆಂದೂ ಹೇಳಲಾರೆ. ಮಾತು ಅರ್ಧ ಹೋಗಿತ್ತು. ಬೇಕು, ಬೇಡ, ನೀರು, ಕಿಟಕಿ, ಇಂಥ ಕೆಲವೇ ಮಾತು ಉಳಿದಿದ್ದವು. ಮಲಗಿ ಮಲಗಿ ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗಲು ಬದಲಿಸಬೇಕಿತ್ತು. ಅವರು ಹೋಗಿ, ಊರಲ್ಲಿ ದಿನಕರ್ಮ ಮುಗಿಸಿ, ನಾವು ವಾಪಸು ಬಂದ ಮೇಲೂ ಮಧ್ಯಾಹ್ನದ ಹೊತ್ತು ನನ್ನ ಕಾಲು ತಾನಾಗಿ ಹಾಲ್‌ ಕಡೆ ಹೋಗುತ್ತಿತ್ತು. ಮಂಚವಿದ್ದ ಜಾಗದಲ್ಲಿ ಟೈಲ್ಸ್ ಬಣ್ಣ ಬೇರೆಯಾಗಿತ್ತು. ಅದನ್ನು ನೋಡಿ ಮತ್ತೆ ಬಂದು ಕೂರುತ್ತಿದ್ದೆ. ದುಃಖವೂ ಇಲ್ಲ, ಹಗುರವಾಯಿತು ಅನ್ನಿಸುವುದೂ ಇಲ್ಲ. ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದೆ. ಉಪ್ಪಿಲ್ಲ ಎಂದು ತಿನ್ನುವಾಗ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಮಗಳು ಯಶವಂತಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಒಂದು ಶನಿವಾರ ನನ್ನನ್ನು ಸಂಜಯನಗರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅವರು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ, ದಿನಕ್ಕೊಂದು ಸಲವಾದರೂ ಮನೆಯಿಂದ ಆಚೆ ಹೋಗಿ ಎಂದರು. ಎಲ್ಲಿಗೆ ಹೋಗುವುದು ಎಂದು ನಾನು ಕೇಳಿದೆ. ಡಾಕ್ಟರಿಗೆ ಅದು ವ್ಯಂಗ್ಯದಂತೆ ಕೇಳಿಸಿರಬೇಕು. ನಾನು ನಿಜವಾಗಿಯೂ ಕೇಳಿದ್ದೆ.

ಆ ಪ್ರಶ್ನೆಗೆ ಉತ್ತರ ಹುಡುಕಿದವಳು ಮಗಳೇ. ತುಮಕೂರು ರಸ್ತೆಯಲ್ಲಿ, ಮೆಟ್ರೊ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಟ್ಯುಟೋರಿಯಲ್ ಇತ್ತು. ಕೆಳಗೆ ಬೇಕರಿ, ಮೇಲೆ ಎರಡು ಕೋಣೆ. ಎಸೆಸೆಲ್ಸಿ ಫೇಲಾದವರಿಗೆ, ನೇರವಾಗಿ ಪರೀಕ್ಷೆ ಕಟ್ಟುವವರಿಗೆ ಅಲ್ಲಿ ಪಾಠ ಮಾಡುತ್ತಿದ್ದರು. ನನಗೆ ಬೇಕೋ ಬೇಡವೋ ಎಂದು ನನ್ನ ಮಗಳು ಕೇಳಲಿಲ್ಲ. ಅವಳು ನಮ್ಮ ಗದಗ ಕಡೆಯ ಮಾತು ಆಡುವುದಿಲ್ಲ, ಬೆಂಗಳೂರಿನ ಹುಡುಗಿ.

"ಅಮ್ಮ, ಪಾಸಾಗ್ಲೇಬೇಕು ಅಂತೇನಿಲ್ಲ. ಸುಮ್ನೆ ಹೋಗಿ ಕೂತ್ಕೊಂಡು ಬಾ," ಎಂದಳು.

ಸುಮ್ಮನೆ ಕೂರುವುದು ನನಗೆ ಬರುತ್ತಿತ್ತು. ಹೋದೆ.

ಕೋಣೆಯಲ್ಲಿ ಹದಿನೇಳು ಹದಿನೆಂಟರ ಹುಡುಗರು, ಗಾರ್ಮೆಂಟ್ಸ್‌ನಲ್ಲಿ ಸಂಜೆ ಪಾಳಿಗೆ ಹೋಗುವ ಇಬ್ಬರು ಹುಡುಗಿಯರು, ಒಬ್ಬ ಸೆಕ್ಯೂರಿಟಿ ಗಾರ್ಡ್ ಇದ್ದರು. ಹಿಂದಿನ ಬೆಂಚಿನಲ್ಲಿ ನನಗಿಂತ ಹತ್ತು ವರ್ಷವಾದರೂ ದೊಡ್ಡವರಾದ ಒಬ್ಬ ಹೆಂಗಸು ಚೀಲ ಸರಿಸಿ ಜಾಗ ಕೊಟ್ಟರು. ಕೊರಳಲ್ಲಿ ದಪ್ಪ ಸರ, ಕೈಯಲ್ಲಿ ಸ್ಟೀಲ್ ಡಬ್ಬಿ. ಮಾಕಳಿಯವರು. ಅವರ ಹೊಲದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಸಾಲುಗಳು ಎದ್ದಿದ್ದವು, ಗಂಡ ಮಕ್ಕಳು ಕಟ್ಟಡದ ಕೆಲಸದಲ್ಲಿದ್ದರು. ಕಾರು ಇದ್ದರೂ ಅವರು ಬಸ್ಸಿಗೇ ಬರುತ್ತಿದ್ದರು. ಕಾರಿನಲ್ಲಿ ಬಂದರೆ ಮಗ ಹೊರಗೆ ಕಾಯುತ್ತಾನೆ, ಕಾಯುವವರಿದ್ದರೆ ಓದು ತಲೆಗೆ ಹತ್ತುವುದಿಲ್ಲ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ದನ ಮೇಯಿಸಲು ಆಳು ಸಿಗಲಿಲ್ಲವೆಂದು ಅಪ್ಪ ಅವರನ್ನು ಶಾಲೆ ಬಿಡಿಸಿದ್ದರಂತೆ. ಈಗ ಯಾವುದಕ್ಕೆ ಓದುತ್ತೀರಿ ಎಂದು ಹುಡುಗರು ಕೇಳಿದರೆ, ಅರ್ಧಕ್ಕೆ ಬಿಟ್ಟ ಮುದ್ದೆ ತಿನ್ನೋಕೆ ಎಂದು ನಗುತ್ತಿದ್ದರು.

ನಾನು ನಗುತ್ತಿರಲಿಲ್ಲ. ಅವರು ಅದನ್ನು ಗಮನಿಸಿದ್ದರು. ಕೆಲವು ವಾರ ಕಳೆದ ಮೇಲೆ, ಮೇಷ್ಟ್ರು ಬರುವುದು ತಡವಾದ ಒಂದು ದಿನ, ಡಬ್ಬಿ ತೆಗೆದು ಅವರೇಕಾಳಿನ ಉಪ್ಪಿಟ್ಟು ನನ್ನ ಮುಂದೆ ಇಟ್ಟು ಕೇಳಿದರು.

"ಯಾಕವ್ವ ನೀನು ಇಂಗಿದ್ದೀಯ? ಮನೇಲಿ ಏನಾರ ತೊಂದ್ರೆ ಐತಾ? ಏಳ್ಕಬಾರ್ದು ಅಂದ್ರೆ ಏಳ್ಬ್ಯಾಡ."

"ತೊಂದ್ರಿ ಏನಿಲ್ರೀ ಅಕ್ಕಾರ," ಎಂದೆ. "ನನಗ ಏನೂ ಅನಸೂದಿಲ್ರೀ. ಅಷ್ಟ."

ಅವರು ನನ್ನ ಮುಖ ನೋಡಿದರು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. "ಸರಿ ಬುಡು, ಉಂಡ್ಕ," ಎಂದು ಡಬ್ಬಿ ಇನ್ನಷ್ಟು ಹತ್ತಿರ ತಳ್ಳಿದರು. ಆಮೇಲೆ ದಿನವೂ ನನಗೂ ಸೇರಿಸಿ ಡಬ್ಬಿ ತುಂಬಿಕೊಂಡು ಬರುತ್ತಿದ್ದರು.

ಪಾಠ ನನಗೆ ಕಷ್ಟವೂ ಆಗಲಿಲ್ಲ, ಖುಷಿಯನ್ನೂ ಕೊಡಲಿಲ್ಲ. ಸಮಾಜದಲ್ಲಿ ಇಸವಿಗಳನ್ನು, ವಿಜ್ಞಾನದಲ್ಲಿ ಸೂತ್ರಗಳನ್ನು ಕಂಠಪಾಠ ಮಾಡಿದೆ. ಮೂತ್ರಪಿಂಡದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದಾಗ ಪೆನ್ಸಿಲ್ ಚೂಪು ಮಾಡಿ ಬರೆದು ಗುರುತಿಸಿದೆ. ಅತ್ತೆಯ ಕೊನೆಯ ದಿನಗಳಲ್ಲಿ ಕೆಟ್ಟುಹೋಗಿದ್ದು ಅದೇ. ಪಕ್ಕದಲ್ಲಿ ಸೆಕ್ಯೂರಿಟಿ ಗಾರ್ಡ್ ನಿದ್ದೆ ಮಾಡುತ್ತಿದ್ದ. ಕಿಟಕಿಯ ಎತ್ತರಕ್ಕೇ ಮೆಟ್ರೊ ಹಾದುಹೋಯಿತು. ನನ್ನ ಚಿತ್ರ ಚೆನ್ನಾಗಿದೆ ಎಂದು ಮೇಡಂ ಎಲ್ಲರಿಗೂ ತೋರಿಸಿದರು. ಬೀಜಗಣಿತ ಮಾತ್ರ ಹಿಡಿತಕ್ಕೆ ಬರಲಿಲ್ಲ. ಎಕ್ಸ್ ಎಂದರೆ ಯಾವ ಸಂಖ್ಯೆ ಎಂದು ಮೊದಲೇ ಗೊತ್ತಿಲ್ಲದೆ ಲೆಕ್ಕ ಶುರು ಮಾಡಲು ನನ್ನ ಕೈ ಒಪ್ಪುತ್ತಿರಲಿಲ್ಲ.

ಪರೀಕ್ಷೆಗೆ ಒಂದು ತಿಂಗಳೋ ಏನೋ ಉಳಿದಿದ್ದಾಗ ಭಾವನ ಫೋನು ಬಂತು. ಅಂದು ಭಾನುವಾರ, ಗಂಡ ಮನೆಯಲ್ಲೇ ಇದ್ದರು. ಅತ್ತೆಯ ತಂಗಿ, ನಾನು ಸಣ್ಣತ್ತಿ ಎನ್ನುತ್ತಿದ್ದವರು, ಮಕ್ಕಳಿಲ್ಲದವರು, ಭಾವನ ಮನೆಯಲ್ಲೇ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿತ್ತು, ಎದ್ದು ಓಡಾಡುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಬೆನ್ನುನೋವು. ಫೋನು ಸ್ಪೀಕರಿನಲ್ಲಿತ್ತು. ಭಾವ ನನ್ನನ್ನು ಬಹಳ ಹೊಗಳಿದರು. ಅವ್ವನನ್ನು ನೀನು ನೋಡಿಕೊಂಡ ಹಾಗೆ ಹೆತ್ತ ಮಗಳೂ ನೋಡಿಕೊಳ್ಳುತ್ತಿರಲಿಲ್ಲ ಎಂದರು. ಈಗ ನಿನಗೂ ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಮಂಚ ಹೇಗೂ ಇದೆ, ಈ ಕೆಲಸದ ಕೈ ನಿನ್ನದು ಎಂದರು. ಮುಂದಿನ ವಾರ ಸಣ್ಣತ್ತಿಯನ್ನು ಗಾಡಿ ಮಾಡಿ ಕಳಿಸುವುದೆಂದು ಅವರಾಗಲೇ ತೀರ್ಮಾನಿಸಿದ್ದರು.

ಗಂಡ ನನ್ನ ಕಡೆ ನೋಡಲಿಲ್ಲ. ಒಳ್ಳೆಯವರು ಅವರು. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ತಾಯಿಯ ಬಟ್ಟೆ ತಾವೇ ಒಗೆದವರು. ಅಣ್ಣನಿಗೆ ಇಲ್ಲ ಎಂದು ಹೇಳಿ ಮಾತ್ರ ಗೊತ್ತಿರಲಿಲ್ಲ. ಅವರು ಆಗಲಿ ಎನ್ನಲು ಬಾಯಿ ತೆರೆಯುತ್ತಿದ್ದುದನ್ನು ನಾನು ಕಂಡೆ. ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಬಹುಶಃ ಅತ್ತು, ಕೊನೆಗೆ ಒಪ್ಪಿಬಿಡುತ್ತಿದ್ದೆ.

"ನನಗ ಪರೀಕ್ಷೆ ಐತ್ರೀ ಭಾವಾರ," ಎಂದೆ.

"ಯಾವ ಪರೀಕ್ಷೆ?" ಎಂದರು.

"ಎಸೆಸೆಲ್ಸಿ."

ಅವರು ನಕ್ಕರು. ಕೆಟ್ಟ ನಗುವಲ್ಲ, ಚಿಕ್ಕವರು ಏನೋ ಹೇಳಿದಾಗ ನಗುತ್ತಾರಲ್ಲ, ಹಾಗೆ. ಪರೀಕ್ಷೆ ಮುಗಿದ ಮೇಲೆಯೇ ಕಳಿಸುತ್ತೇವೆ ಹಾಗಾದರೆ ಎಂದರು.

"ಪರೀಕ್ಷೆ ಮುಗದ ಮ್ಯಾಲೂ ನನ್ನಿಂದ ಆಗೂದಿಲ್ರೀ. ಇನ್ನೊಮ್ಮೆ ನನ್ನಿಂದ ಆಗೂದಿಲ್ಲ."

ನನ್ನ ದನಿ ಏರಿರಲಿಲ್ಲ. ತರಕಾರಿ ಗಾಡಿಯವನಿಗೆ ಇವತ್ತು ಬೇಡ ಎಂದ ಹಾಗೆಯೇ ಇತ್ತು. ಗಂಡ ಫೋನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಒಳಗೆ ಬಂದ ಮೇಲೆ ಅವರು ಅನ್ನ ಕಲಸಿಕೊಂಡು ಬಹಳ ಹೊತ್ತು ತಿನ್ನದೆ ಕೂತಿದ್ದರು. ಕೊನೆಗೆ, "ಆತು ಬಿಡು, ಅವರು ಏನರ ಮಾಡ್ತಾರ," ಎಂದರು. ಆ ಮಾತಿನಲ್ಲಿ ನನ್ನ ಪರ ಎಷ್ಟು, ವಿರೋಧ ಎಷ್ಟು ಎಂದು ನಾನು ತೂಗಿ ನೋಡಲಿಲ್ಲ.

ಭಾವನ ಮನೆಯವರು ಮಾಡಿದ್ದು ಇಷ್ಟು: ಹಗಲಿಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿಕೊಂಡರು, ಉಳಿದ ಹೊತ್ತು ನೆಗೆಣ್ಣಿ ನೋಡಿಕೊಂಡರು. ಸಂಬಂಧಿಕರಲ್ಲಿ ಮಾತು ಹಬ್ಬಿತು. ಬೆಂಗಳೂರಿನ ಸೊಸೆ ಈಗ ಸಾಲಿಗೆ ಹೋಗುತ್ತಾಳಂತೆ, ಮುದುಕಿಯನ್ನು ನೋಡಲು ಪುರುಸೊತ್ತಿಲ್ಲವಂತೆ. ಒಂದು ಮದುವೆಗೆ ಕರೆಯಲಿಲ್ಲ. ಮಗಳು ನನ್ನ ಪರವಾಗಿ ಎಲ್ಲರ ಮೇಲೂ ರೇಗಾಡಿದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳಿಗೆ ಚಹಾ ಮಾಡಿಕೊಟ್ಟು ಇಂಗ್ಲಿಷ್ ಗ್ರಾಮರ್ ಓದಲು ಕೂತೆ.

ಮಾಕಳಿಯ ಅಕ್ಕನಿಗೆ ಇದನ್ನು ಹೇಳಿದೆ. ಅವರು ತಪ್ಪು ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಅವರ ಮನೆಯಲ್ಲೂ ಅತ್ತೆಯವರು ಹಾಸಿಗೆ ಹಿಡಿದು ಹೋದವರೇ, ಆಗ ತಾನೂ ಹೀಗೆ ಮರದ ಕೊರಡಿನ ಹಾಗೆ ಇದ್ದೆ ಎಂದಷ್ಟೇ ಹೇಳಿದರು. ಎಷ್ಟು ದಿನ ಹಾಗಿತ್ತು ಎಂದು ಕೇಳಿದೆ.

"ಯಾರಿಗ್ಗೊತ್ತವ್ವ," ಎಂದರು. "ಓಗಿದ್ದೇ ಗೊತ್ತಾಗ್ಲಿಲ್ಲ."

ಪರೀಕ್ಷೆ ಯಶವಂತಪುರದ ಒಂದು ಹೈಸ್ಕೂಲಿನಲ್ಲಿ. ಗೇಟಿನಲ್ಲಿ ಪೊಲೀಸ್ ಪೇದೆ, ಪೋಷಕರು ಹೊರಗೇ ಇರಬೇಕು ಎಂದು ನನ್ನನ್ನು ತಡೆದ. ಹಾಲ್ ಟಿಕೆಟ್ ತೋರಿಸಿದೆ. ಅವನು ಫೋಟೊ ನೋಡಿ, ನನ್ನ ಮುಖ ನೋಡಿ, ಸಲ್ಯೂಟಿನ ಹಾಗೆ ಏನೋ ಮಾಡಿ ಬಿಟ್ಟ. ಒಳಗೆ ಸಣ್ಣ ಡೆಸ್ಕಿಗೆ ಮಂಡಿ ತಾಗುತ್ತಿತ್ತು. ಕನ್ನಡದ ಪತ್ರಿಕೆಯಲ್ಲಿ ಪ್ರಬಂಧಕ್ಕೆ ಗ್ರಂಥಾಲಯದ ಮಹತ್ವ ಎಂಬ ವಿಷಯ ಕೊಟ್ಟಿದ್ದರು. ನಾನು ಗ್ರಂಥಾಲಯದ ಒಳಗೆ ಎಂದೂ ಕಾಲಿಟ್ಟವಳಲ್ಲ. ಮೇಡಂ ಬರೆಸಿದ್ದನ್ನೇ ಬರೆದೆ. ಗಣಿತದ ದಿನ ಪ್ರಶ್ನೆಗಳನ್ನೇ ಉತ್ತರದ ಹಾಳೆಯಲ್ಲಿ ಅಚ್ಚುಕಟ್ಟಾಗಿ ನಕಲು ಮಾಡಿ, ಗೊತ್ತಿದ್ದಷ್ಟು ಮಾಡಿ ಬಂದೆ.

ಗಣಿತದಲ್ಲಿ ಫೇಲಾದೆ, ಉಳಿದದ್ದೆಲ್ಲ ಪಾಸು. ಮಾಕಳಿಯ ಅಕ್ಕ ಗಣಿತ, ಇಂಗ್ಲಿಷ್ ಎರಡರಲ್ಲೂ ಹೋದರು. ಅದೇ ವರ್ಷ ಎರಡನೇ ಸಲ ಬರೆಯುವ ಅವಕಾಶವಿತ್ತು. ಬೇಸಿಗೆಯಲ್ಲಿ ಮತ್ತೆ ಅದೇ ಬೆಂಚು. ಈ ಸಲ ಮಗಳು ಸಂಜೆ ಕೂತು ಹೇಳಿಕೊಟ್ಟಳು. ಎಕ್ಸ್ ಏನು ಎಂದು ಕೇಳಬೇಡ, ಕೊನೆಗೆ ಅದೇ ಹೇಳುತ್ತದೆ ಎಂದು ನೂರು ಸಲ ಹೇಳಿರಬೇಕು. ಒಂದು ಸಂಜೆ ಒಂದು ಸಮೀಕರಣ ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಕೊನೆಯವರೆಗೂ ಹೋಗಿ ಉತ್ತರಕ್ಕೆ ಬಂತು. ಪುಸ್ತಕದ ಹಿಂದಿನ ಉತ್ತರವೂ ಅದೇ ಇತ್ತು. ಎದೆಯಲ್ಲಿ ಏನೋ ಸ್ವಲ್ಪ ಸರಿದಂತಾಯಿತು. ಇನ್ನೊಂದು ಲೆಕ್ಕ ಮಾಡಿದೆ. ಅದು ತಪ್ಪಿತು, ಆ ಸರಿದದ್ದು ಮತ್ತೆ ಅಲ್ಲೇ ನಿಂತಿತು.

ಫಲಿತಾಂಶ ಮಗಳ ಫೋನಿನಲ್ಲಿ ಬಂತು. ಪಾಸಾಗಿದ್ದೆ. ಅವಳು ನನ್ನನ್ನು ತಬ್ಬಿಕೊಂಡು ಕುಣಿದಳು, ಗಂಡ ಮೈಸೂರು ಪಾಕ್ ತಂದು ಕಟ್ಟಡದ ಎಲ್ಲ ಮನೆಗಳಿಗೂ ಹಂಚಿದರು. ಹೇಗನಿಸುತ್ತಿದೆ ಎಂದು ಎಲ್ಲರೂ ಕೇಳಿದರು, ಚೆನ್ನಾಗನಿಸುತ್ತಿದೆ ಎಂದು ಎಲ್ಲರಿಗೂ ಹೇಳಿದೆ. ಮಾಕಳಿಯ ಅಕ್ಕನಿಗೆ ಫೋನು ಮಾಡಿದೆ. ಅವರು ಇಂಗ್ಲಿಷ್ ಪಾಸಾಗಿ ಗಣಿತದಲ್ಲಿ ಮತ್ತೆ ಹೋಗಿದ್ದರು. ಅವರೊಬ್ಬರು ಹೇಗನಿಸುತ್ತಿದೆ ಎಂದು ಕೇಳಲಿಲ್ಲ. ಪಿಯುಸಿಗೆ ಯಾವಾಗ ಸೇರುತ್ತೀಯ ಎಂದರು, ಪುಸ್ತಕಗಳನ್ನು ಎತ್ತಿಟ್ಟಿರು, ತನಗೆ ಬೇಕಾಗುತ್ತವೆ ಎಂದರು.

ದಸರಾ ರಜೆಯಲ್ಲಿ ನಾನು ಹುಬ್ಬಳ್ಳಿಗೆ ಹೋದೆ. ಯಾರೂ ಕರೆದಿರಲಿಲ್ಲ. ಗಂಡ ಬರಲಿಲ್ಲ, ಮಗಳು ಬೇಡ ಎಂದಳು. ಯಶವಂತಪುರದಲ್ಲಿ ಬೆಳಗಿನ ರೈಲು ಹತ್ತಿದೆ. ನೆಗೆಣ್ಣಿ ಬಾಗಿಲು ತೆಗೆದು, ಕಾಲಿಗೆ ನೀರು ಕೊಟ್ಟು, ಮಾತಾಡದೆ ಒಳಗೆ ಹೋದರು. ಸೊಂಟಕ್ಕೆ ಪಟ್ಟಿ ಬಿಗಿದಿದ್ದರು. ನಡಿಗೆ ಸೊಟ್ಟಗಾಗಿತ್ತು.

ಸಣ್ಣತ್ತಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಅತ್ತೆಯ ಮುಖವೇ, ಇನ್ನೂ ಸ್ವಲ್ಪ ಸಣ್ಣದು. ಹಾಸಿಗೆ ಶುಭ್ರವಾಗಿತ್ತು, ಬೆನ್ನು ಹುಣ್ಣಾಗಿರಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ. ನನ್ನನ್ನು ಗುರುತು ಹಿಡಿದರು. ಅವರ ನಾಲಿಗೆ ಚೆನ್ನಾಗಿಯೇ ಇತ್ತು, ಏನಾದರೂ ಅನ್ನುತ್ತಾರೆ ಎಂದು ಕಾದೆ.

"ಸಾಲಿ ಕಲತಿ ಅಂತಲ್ಲ," ಎಂದರು. "ಪಾಸಾದ್ಯಾ?"

"ಹೂಂ ಅತ್ತಿ."

"ಚಲೋ ಆತು. ಆ ಕಿಟಕಿ ಹಾಕು, ಬಿಸಲ ಕಣ್ಣಿಗೆ ಬೀಳ್ತೈತಿ."

ಕಿಟಕಿ ಹಾಕಿದೆ. ಬಂದು ಪಕ್ಕದಲ್ಲಿ ಕೂತೆ. ಅವರ ಮಗ್ಗಲು ಬದಲಿಸುವ ಹೊತ್ತಾಗಿದೆ ಎಂದು ನನಗೆ ತಿಳಿಯುತ್ತಿತ್ತು. ನೆಗೆಣ್ಣಿ ಬಂದರು. ನಾನು ಭುಜದ ಕಡೆ ಹಿಡಿದೆ, ಅವರು ಕಾಲಿನ ಕಡೆ ಹಿಡಿದರು, ಇಬ್ಬರೂ ಸೇರಿ ಹೊರಳಿಸಿದೆವು. ಆಮೇಲೆ ಅವರು ನನ್ನನ್ನು ಊಟಕ್ಕೆ ಕರೆದರು. ಸಂಜೆಯ ರೈಲಿಗೆ ಹೊರಟು ಬಂದೆ.