ಕೈಗೆ ಬಂದ ಮಾತು

ಬೆಳಿಗ್ಗೆ ಒಲೆಯ ಮುಂದೆ ನಿಂತು ಶೇಂಗಾ ಹುರಿಯುತ್ತಿದ್ದೆ. ಅಡುಗೆಮನೆಯ ದೀಪ ಆರಿ ಹತ್ತಿತು, ಮತ್ತೆ ಆರಿ ಹತ್ತಿತು. ಕೊತ್ತಂಬರಿ ಸೊಪ್ಪು ಕೊಡಲು ಬಂದಿದ್ದ ಕೆಳಮನೆಯ ಓನರ್ ನಾರಾಯಣಮ್ಮ, "ಕರೆಂಟ್ ಓಯ್ತಾ ಅಕ್ಕಾ?" ಎಂದರು. "ಇಲ್ಲ, ಸೊಸೆ ಕರೀತಿದ್ದಾಳೆ" ಎಂದು ತಿರುಗಿದೆ. ಸ್ವಿಚ್ಚಿನ ಹತ್ತಿರ ನಿಂತಿದ್ದ ಶಾಲಿನಿ, ಕೂಸಿನ ಸ್ನಾನಕ್ಕೆ ನೀರು ಕಾದಿದೆಯಾ ಎಂದು ಕೈಯಲ್ಲೇ ಕೇಳಿದಳು. ಕಾದಿದೆ ಎಂದು ನಾನೂ ಕೈಯಲ್ಲೇ ಹೇಳಿದೆ. ಇದೆಲ್ಲ ನನಗೆ ಯಾವಾಗ ಇಷ್ಟು ಮಾಮೂಲಾಯಿತೋ.

ಶಾಲಿನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ವೈಟ್‌ಫೀಲ್ಡಿನಲ್ಲಿ ನನ್ನ ಮಗ ಗಿರೀಶನ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದವಳು. ಇವಳನ್ನೇ ಮದುವೆಯಾಗುತ್ತೇನೆ ಎಂದು ಅವನು ಹೇಳಿದಾಗ ನಾನು ಬೇಡವೆನ್ನಲಿಲ್ಲ. ಆದರೆ ಒಳಗೊಳಗೇ ದಿಗಿಲು. ದಾವಣಗೆರೆ ಬಿಟ್ಟು ಬೆಂಗಳೂರಿನ ಹೂಡಿಗೆ ಬಂದ ಮೇಲೆ ನನಗೆ ಉಳಿದಿದ್ದೇ ಮಾತು. ತರಕಾರಿ ಗಾಡಿಯವನನ್ನೂ ಬಿಡದೆ ಮಾತಾಡಿಸುತ್ತಿದ್ದ ನಾನು, ದಿನವಿಡೀ ಎದುರಿಗಿರುವ ಸೊಸೆಯ ಹತ್ತಿರ ಏನು ಮಾಡಲಿ?

ಮೊದಲು ಮಾಡಿದ್ದು ದನಿ ಎತ್ತರಿಸಿದ್ದು. ಕೇಳಿಸದವಳ ಮುಂದೆ ಕೂಗಿದರೆ ಏನು ಬಂತು ಎಂದು ನೀವು ಕೇಳಬಹುದು, ನನಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಕೆಳಗೆ ನಾರಾಯಣಮ್ಮನಿಗೆ ತಿಳಿಯುತ್ತಿತ್ತು, ಶಾಲಿನಿಗೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಅವಳೇ ಮೊಬೈಲಿನಲ್ಲಿ ಬರೆದು ತೋರಿಸಿದಳು: "ಅತ್ತೆ, ಕಲಿಸಿಕೊಡ್ಲಾ?"

ಸನ್ನೆ ಭಾಷೆ ಎಂದರೆ ಬರೀ ಬೆರಳಿನ ಕೆಲಸ ಎಂದುಕೊಂಡಿದ್ದೆ. ಅಲ್ಲ, ಮುಖವೂ ಮಾತಾಡಬೇಕು. ಹುಬ್ಬು ಏರಿಸದಿದ್ದರೆ "ಊಟ ಆಯ್ತಾ" ಎಂಬುದು "ಊಟ ಆಯ್ತು" ಆಗಿಬಿಡುತ್ತದೆ. ಒಂದು ಮಧ್ಯಾಹ್ನ ನಾನು ಹುಬ್ಬು ಮರೆತೆ. ನನ್ನದು ಆಗಿದೆಯೆಂದು ತಿಳಿದು ಅವಳು ನೆಮ್ಮದಿಯಾಗಿ ಉಂಡು ಎದ್ದಳು. ಜೊತೆಗೆ ಕೂರೋಣವೆಂದಿದ್ದ ನಾನು ಹಸಿದುಕೊಂಡು ಸಿಡುಕುತ್ತಿದ್ದೆ.

ಅತ್ತೆಯ ಮುಂದೆ ತಲೆ ತಗ್ಗಿಸಬೇಕೆಂದು ಕಲಿತು ಬೆಳೆದವಳು ನಾನು. ಇಲ್ಲಿ ಕಣ್ಣು ತಪ್ಪಿಸಿದರೆ ಮಾತನ್ನೇ ಕತ್ತರಿಸಿದಂತೆ. ಭಾನುವಾರ ಮನೆಗೆ ಬರುತ್ತಿದ್ದ ಶಾಲಿನಿಯ ಗೆಳತಿಯರಿಗೂ ಕೇಳಿಸುವುದಿಲ್ಲ. ಸುತ್ತಿ ಬಳಸಿ ಹೇಳುವುದೂ ಅವರಿಗೆ ಗೊತ್ತಿಲ್ಲ. ಒಬ್ಬಳು ಬಂದವಳೇ "ದಪ್ಪ ಆಗಿದ್ದೀರಿ" ಎಂದಳು. ನನ್ನ ಮುಖ ಸಪ್ಪಗಾಯಿತು. ಅದು ಕ್ಷೇಮ ವಿಚಾರಿಸಿದ್ದು ಎಂದು ಶಾಲಿನಿ ಬಿಡಿಸಿ ಹೇಳಬೇಕಾಯಿತು. ಹೊರಡುತ್ತೇವೆಂದು ಎದ್ದವರು ಬಾಗಿಲಲ್ಲೇ ಇನ್ನೊಂದು ತಾಸು ನಿಲ್ಲುತ್ತಿದ್ದರು. ಅದರಲ್ಲಿ ಮಾತ್ರ ಥೇಟ್ ನಮ್ಮ ದಾವಣಗೆರೆಯವರು.

ಅವರೆಲ್ಲರಿಗೂ ಸಹಿಸಲಾಗದ ಒಂದು ಮಾತಿತ್ತು. ಮನೆಯವರೆಲ್ಲ ಯಾವುದಕ್ಕೋ ನಗುವಾಗ ಏನೆಂದು ಕೇಳಿದರೆ, "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಎನ್ನುವುದು. "ಆ ಆಮೇಲೆ ಬರೋದೇ ಇಲ್ಲ ಅತ್ತೆ" ಎಂದಿದ್ದಳು ಶಾಲಿನಿ.

ಅವಳಿಗೆ ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಹೆರಿಗೆ ನೋವು ಬಂತು. ಗಿರೀಶ ಕೆಲಸದ ಮೇಲೆ ಪುಣೆಯಲ್ಲಿದ್ದ. ನಾವಿಬ್ಬರೇ ಆಸ್ಪತ್ರೆಗೆ ಹೋದೆವು. ಅಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ತುಟಿ ನೋಡಿ ಅಷ್ಟಿಷ್ಟು ಊಹಿಸುತ್ತಿದ್ದ ಶಾಲಿನಿಗೆ ಅದೂ ಇಲ್ಲವಾಯಿತು. ನನ್ನನ್ನು ಅವಳ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಸ್ವಲ್ಪ ಹೊತ್ತಿಗೆ ಡಾಕ್ಟರು, "ಮಗು ಹಾರ್ಟ್‌ಬೀಟ್ ಇಳೀತಿದೆ ಅಮ್ಮ. ಈಗ್ಲೇ ಆಪರೇಷನ್ ಮಾಡ್ಬೇಕು, ಅವ್ರಿಗೆ ಹೇಳಿ" ಎಂದರು. ನರ್ಸ್ ಮೆಲ್ಲಗೆ, "ಗಾಬರಿ ಆಗ್ತಾರೆ, ಏನಿಲ್ಲ ಅಂತ ಹೇಳ್ಬಿಡಿ" ಎಂದಳು.

ಏನು ಎಂದು ಶಾಲಿನಿಯ ಮುಖ ಕೇಳುತ್ತಿತ್ತು. ನನ್ನ ಕೈ ತಾನಾಗಿಯೇ "ಏನಿಲ್ಲ" ಎನ್ನಲು ಎದ್ದಿತು. ಅರ್ಧಕ್ಕೇ ತಡೆದೆ. ಹೊಟ್ಟೆಯೊಳಗಿರುವುದು ಅವಳ ಮಗು. ಅವಳಿಗಲ್ಲದೆ ಇನ್ನಾರಿಗೆ ಹೇಳಬೇಕು? ಎದೆಬಡಿತಕ್ಕೆ ಯಾವ ಸನ್ನೆಯೋ ನನಗೆ ತಿಳಿಯದು. ಅವಳ ಹೊಟ್ಟೆ ತೋರಿಸಿ, ಮುಷ್ಟಿ ಬಿಗಿದು ನನ್ನ ಎದೆಗೆ ಬಡಿದುಕೊಂಡೆ, ಮೊದಲು ಬೇಗ ಬೇಗ, ಆಮೇಲೆ ನಿಧಾನ. ಅವಳ ಮುಖ ಬಿಳಿಚಿತು.

"ಬದುಕಿದೆಯಾ?"

"ಬದುಕಿದೆ. ಆಪರೇಷನ್ ಮಾಡಿ ಬೇಗ ತೆಗೀಬೇಕಂತೆ."

"ನೀವು ಇರ್ತೀರಾ?"

"ಬಾಗಿಲ ಆಚೆನೇ ಇರ್ತೀನಿ."

ಅವಳು ಕಣ್ಣು ಒರೆಸಿಕೊಂಡು, ಡಾಕ್ಟರ ಕಡೆ ತಿರುಗಿ ಗಟ್ಟಿಯಾಗಿ ತಲೆಯಾಡಿಸಿದಳು.

ಹೊರಗೆ ಕೊರಳಿನ ಲಿಂಗವನ್ನು ಹಿಡಿದು ಕೂತೆ. ಅಳು ಕೇಳಿಸಿತು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ" ಎಂದು ಯಾರೋ ಬಂದು ಹೇಳಿದಾಗ ಲಿಂಗವನ್ನು ಕಣ್ಣಿಗೊತ್ತಿಕೊಂಡೆ. ಆಮೇಲೆ ಶಾಲಿನಿ ಎಚ್ಚರಾದಾಗ, ಮಗು ಅತ್ತಿತು ಎಂದು ಹೇಳಿದೆ. "ಜೋರಾಗಿಯಾ?" ಎಂದು ಕೇಳಿದಳು. "ನನ್ನಷ್ಟೇ ಜೋರು" ಎಂದೆ. ಹೊಲಿಗೆ ನೋಯುತ್ತಿದ್ದರೂ ನಕ್ಕಳು.

ಈಗ ಕೂಸು ಬೋರಲು ಬೀಳುತ್ತದೆ. ಇವತ್ತು ಬೆಳಿಗ್ಗೆ ಶಾಲಿನಿ ನೀರಿನ ವಿಷಯ ಕೇಳಿಕೊಂಡು ಒಳಗೆ ಹೋದ ಮೇಲೆ, "ಕೂಸ್ಗೆ ಕಿವಿ ಕೇಳ್ಸ್ತದಾ ಅಕ್ಕಾ?" ಎಂದರು ನಾರಾಯಣಮ್ಮ, ಇಷ್ಟು ದಿನ ತಡೆದಿಟ್ಟಿದ್ದವರ ಹಾಗೆ. ಹಿಂದಾದರೆ ಆ ಪ್ರಶ್ನೆಗೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. "ಕೇಳ್ಸುತ್ತೆ ಅಂದಿದ್ದಾರೆ. ಕೇಳಿಸ್ದಿದ್ರೂ ಏನಂತೆ, ಮನೇಲಿ ಮಾತಾಡೋರು ಇದೀವಲ್ಲ" ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆಯೇ ಅನ್ನಿಸಿತು.

ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇವತ್ತು ನಾನೇ ನೀರ್ ಉಯ್ತೀನಿ ಅಂತ ನಿಮ್ ಸೊಸೆಗೆ ಎಂಗೆ ಏಳೋದು?"

"ನೀವೇ ಹೇಳಿ. ಅವಳ ಮುಖ ನೋಡ್ಕೊಂಡು ಹೇಳಿ, ಸಾಕು."

ಅವರು ಒಳಗೆ ಹೋದರು. ಅನುವಾದಕ್ಕೆ ನನ್ನನ್ನು ಕರೆದಾರೆಂದು ಸ್ವಲ್ಪ ಹೊತ್ತು ಕಾದೆ. ಯಾರೂ ಕರೆಯಲಿಲ್ಲ. ಬಚ್ಚಲಿನಿಂದ ನೀರಿನ ಸದ್ದು ಬಂತು, ಕೂಸಿನ ಅಳು ಬಂತು, ಶಾಲಿನಿಯ ನಗು ಬಂತು.